ಕೊಡುವವನನ್ನು ನಂಬುವುದು ಹೇಗೆ? ವಚನ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಚನಗೋಷ್ಠಿ ಮುಗಿದು ಚಹಾ ಬಂದ ಮೇಲೆ ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಮೈಕ್ ಮುಂದೆ ಯಾರೂ ಕೇಳದ ಪ್ರಶ್ನೆಗಳವು. "ದೇವರನ್ನು ನಂಬಿ ಅಂತೀರಿ, ಮನೆ ಸಾಲದ ಕಂತು ಯಾರು ಕಟ್ಟಬೇಕು?" "ಹುಡುಗ ಒಳ್ಳೆಯವನೇ, ಜಾತಕ ಕೂಡಿಲ್ಲ, ಏನು ಮಾಡೋದು?" ಊರು ಬೇರೆಯಾದರೂ ಕೇಳುವುದು ಇಂಥವನ್ನೇ. 12ನೇ ಶತಮಾನದ ಶರಣರ ವಚನಗಳನ್ನೂ, ಅಲ್ಲಲ್ಲಿ ದಾಸರ ಪದಗಳನ್ನೂ ಇಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ. ಪಂಡಿತರ ಚರ್ಚೆ ಬೇಕಾದವರಿಗೆ ಇದು ಸಾಲದು. ಚಹಾ ಲೋಟ ಹಿಡಿದು ಕೇಳಿದವರಿಗೆ ಸಾಕಾಗಬಹುದು.

ನಂಬಿದರೆ ದೇವರೇ ಎಲ್ಲ ನೋಡಿಕೊಳ್ಳುತ್ತಾನೆ ಅಂತಾರೆ. ಹಾಗಾದರೆ ದುಡಿಯೋದು ಯಾಕೆ?

ಶರಣರು ಯಾರೂ ಹಾಗೆ ಕೈಕಟ್ಟಿ ಕೂತವರಲ್ಲ. ಮಡಿವಾಳ ಮಾಚಯ್ಯ ಬಟ್ಟೆ ಒಗೆದರು. ಅಂಬಿಗರ ಚೌಡಯ್ಯ ದೋಣಿ ನಡೆಸಿದರು. ಕದಿರ ರೆಮ್ಮವ್ವ ನೂಲು ತೆಗೆದಳು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದರು. ಇವರ ಹೆಸರಿನಲ್ಲೇ ಕೆಲಸ ಸೇರಿಕೊಂಡಿದೆ.

ಚಂದಯ್ಯನವರ ಬಗ್ಗೆ ಒಂದು ಕಥೆ ಇದೆ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವರು ಮೈಮೇಲೆ ಕಟ್ಟಿಕೊಂಡಿದ್ದ ಇಷ್ಟಲಿಂಗ ಕಳಚಿ ನೀರಿಗೆ ಬಿತ್ತಂತೆ. ಅವರು ಹುಡುಕಲು ನಿಲ್ಲಲಿಲ್ಲ, ಹುಲ್ಲಿನ ಹೊರೆ ಹೊತ್ತು ನಡೆದರು. ಲಿಂಗವೇ ಅವರ ಹಿಂದೆ ಬಂತಂತೆ. ಕಥೆ ನಡೆದದ್ದು ಹೌದೋ ಅಲ್ಲವೋ, ಇದನ್ನು ಕಟ್ಟಿದ ಜನ ಭಕ್ತಿಯನ್ನು ಎಲ್ಲಿಟ್ಟಿದ್ದರು ಅನ್ನುವುದು ಗೊತ್ತಾಗುತ್ತದೆ.

'ಕಾಯಕವೇ ಕೈಲಾಸ' ಅನ್ನುವುದನ್ನು ಬಸವಣ್ಣನವರ ಮಾತು ಅಂತ ಕಚೇರಿ ಗೋಡೆಗಳ ಮೇಲೆಲ್ಲ ಬರೆದಿರುತ್ತಾರೆ. ವಚನದಲ್ಲಿ ಅದು ಸಿಗುವುದು ಆಯ್ದಕ್ಕಿ ಮಾರಯ್ಯನವರ ಹತ್ತಿರ. ಕಾಯಕದಲ್ಲಿ ಮುಳುಗಿದ್ದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುವಷ್ಟು ಗಟ್ಟಿ ಮಾತು ಅದು. ಹಾಗಂತ ಶರಣರು ದುಡಿಮೆಯನ್ನೇ ದೇವರು ಮಾಡಲಿಲ್ಲ. ದುಡಿಯುವುದು ತಮ್ಮ ಪಾಲು, ಅದಕ್ಕೆ ಬಂದದ್ದು ಪ್ರಸಾದ, ನಾಳೆ ಏನು ಬರುತ್ತದೋ ಅದು ತಮ್ಮ ಕೈಯಲ್ಲಿಲ್ಲ ಅಂತ ಬದುಕಿದರು. ಇವತ್ತು ನಾವು ಮೊದಲನೆಯದನ್ನು ಒಪ್ಪುತ್ತೇವೆ. ಮೂರನೆಯದಕ್ಕೆ ಬಂದಾಗ ನಿದ್ದೆ ಕೆಡುತ್ತದೆ.

'ಪೊಳ್ಳು ದೈವ' ಅಂದರೆ ಯಾವುದು? ಮನೆದೇವರನ್ನು ಬಿಡಿ ಅಂತೀರಾ?

ಬಸವಣ್ಣನವರ ಒಂದು ವಚನ ಹೀಗೆ ಶುರುವಾಗುತ್ತದೆ: "ಅರಗು ತಿಂದು ಕರಗುವ ದೈವವನೆಂತು ಸರಿಯೆಂಬೆನಯ್ಯಾ?" ಮುಂದೆ ಒಂದೊಂದೇ ಪರೀಕ್ಷೆ ಬರುತ್ತದೆ. ಬೆಂಕಿ ಕಂಡರೆ ಮುರುಟಿಕೊಳ್ಳುವ ದೈವ. ಅವಸರ ಬಂದರೆ ಮಾರಿಬಿಡುವ ದೈವ. ಅಂಜಿಕೆಯಾದರೆ ನೆಲದಲ್ಲಿ ಹೂತಿಡುವ ದೈವ. ಇಂಥದ್ದನ್ನು ಹೇಗೆ ಸರಿ ಅನ್ನಲಿ ಅಂತ ಕೇಳುತ್ತಾರೆ.

ಕೊನೆಯ ಎರಡನ್ನು ಇನ್ನೊಮ್ಮೆ ಓದಿ. ಕಷ್ಟ ಬಂದರೆ ಮಾರುತ್ತೇವೆ, ಕಳ್ಳರ ಭಯ ಬಂದರೆ ಮುಚ್ಚಿಡುತ್ತೇವೆ. ಇಲ್ಲಿ ಯಾರು ಯಾರನ್ನು ಕಾಯುತ್ತಿದ್ದಾರೆ? ನಮ್ಮನ್ನು ಕಾಯಲಿ ಅಂತ ತಂದಿಟ್ಟುಕೊಂಡದ್ದನ್ನು ನಾವೇ ಹಗಲು ರಾತ್ರಿ ಕಾಯುತ್ತೇವೆ. ಅರಗಿನ ವಿಗ್ರಹಕ್ಕೆ ಹೇಳಿದ ಮಾತು ಇವತ್ತು ಲಾಕರಿನ ಚಿನ್ನಕ್ಕೂ ಸರಿಯಾಗಿ ಕೂರುತ್ತದೆ. ಅವಸರ ಬಂದರೆ ಗಿರವಿ, ಅಂಜಿಕೆಯಾದರೆ ಲಾಕರು. ಊರಾಚೆ ಕೊಂಡ ಸೈಟಿಗೂ ಅಷ್ಟೇ. ಅದಕ್ಕೆ ತಂತಿ ಬೇಲಿ, ಬೇಲಿಗೆ ಬೋರ್ಡು, ಬೋರ್ಡಿನ ಮೇಲೆ ವಕೀಲರ ಫೋನ್ ನಂಬರು.

ಮನೆದೇವರ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಶರಣರು ಸ್ಥಾವರ ಪೂಜೆಯನ್ನು, ಅಂದರೆ ಒಂದೆಡೆ ನೆಲೆಗೊಳಿಸಿದ ಮೂರ್ತಿಯ ಪೂಜೆಯನ್ನು, ಒಪ್ಪಲಿಲ್ಲ. ಅದನ್ನು ಮೆತ್ತಗೆ ಮಾಡಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇತ್ತ ದಾಸರು ಗುಡಿಯ ಮೂರ್ತಿಯ ಮುಂದೆಯೇ ನಿಂತು ಹಾಡಿದರು. ಕಾಗಿನೆಲೆಯ ಆದಿಕೇಶವ ಇಲ್ಲದೆ ಕನಕದಾಸರಿಲ್ಲ. ಈ ಜಗಳ ಕನ್ನಡನಾಡಿನಲ್ಲಿ ಶತಮಾನಗಳಿಂದ ಇದೆ, ನಾನು ಇಲ್ಲಿ ತೀರ್ಪು ಕೊಡಲು ಹೋಗುವುದಿಲ್ಲ. ಆದರೆ ಕಷ್ಟ ಬಂದಾಗ ಮಾರಿಬಿಡಬಹುದಾದದ್ದನ್ನು ದೇವರು ಅನ್ನಬಾರದು ಅಂದರೆ ಕನಕದಾಸರು ತಕರಾರು ಮಾಡುತ್ತಿರಲಿಲ್ಲ ಅನಿಸುತ್ತದೆ.

ಅಂದರೆ ದುಡ್ಡು, ಚಿನ್ನ ಎಲ್ಲ ಮಾಯೆ, ಕೆಟ್ಟದ್ದು ಅಂತಾಯಿತಲ್ಲ?

ಇಲ್ಲ. ಅಲ್ಲಮಪ್ರಭುಗಳು ಈ ಮಾತನ್ನು ಮೊದಲೇ ತಡೆದಿದ್ದಾರೆ. ಹೊನ್ನು ಮಾಯೆ ಅಂತಾರೆ, ಹೊನ್ನು ಮಾಯೆಯಲ್ಲ. ಹೆಣ್ಣು ಮಾಯೆ ಅಂತಾರೆ, ಹೆಣ್ಣು ಮಾಯೆಯಲ್ಲ. ಮಣ್ಣು ಮಾಯೆ ಅಂತಾರೆ, ಮಣ್ಣೂ ಮಾಯೆಯಲ್ಲ. "ಮನದ ಮುಂದಣ ಆಸೆಯೆ ಮಾಯೆ." ಪಾಪ, ಚಿನ್ನದ್ದೇನು ತಪ್ಪು? ಅದು ಸುಮ್ನೆ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.

ಮುಹೂರ್ತ, ಜಾತಕ, ಶಕುನ ನೋಡುವುದು ದೇವರ ಮಾರ್ಗದರ್ಶನ ಕೇಳಿದ ಹಾಗೇ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಮಗಳ ಅಥವಾ ಮಗನ ಮದುವೆಯ ಹೊಸ್ತಿಲಲ್ಲಿ ನಿಂತವರು. ಅವರ ಭಯವನ್ನು ಹಗುರ ಮಾಡಬಾರದು.

ಬಸವಣ್ಣನವರು ಹೇಳಿದ್ದು ಸ್ಪಷ್ಟವಾಗಿದೆ. "ಎಮ್ಮವರು ಬೆಸಗೊಂಡಡೆ ಶುಭಲಗ್ನವೆನ್ನಿರಯ್ಯಾ." ನಮ್ಮವರು ಬಂದು ಕೇಳಿದರೆ ಲಗ್ನ ಶುಭವಾಗಿದೆ ಅನ್ನಿ. ರಾಶಿಕೂಟ ಇದೆ, ಋಣಾನುಬಂಧ ಇದೆ, ಚಂದ್ರಬಲ ತಾರಾಬಲ ಇದೆ ಅನ್ನಿ. ನಾಳೆಗಿಂತ ಇವತ್ತೇ ಒಳ್ಳೆಯ ದಿನ ಅನ್ನಿ. ಹಾಗೆ ಹೇಳಿದರೆ ಕೂಡಲಸಂಗಮದೇವನನ್ನು ಪೂಜಿಸಿದ ಫಲ ನಿಮಗೆ ಅಂತ ಜೋಯಿಸರಿಗೇ ಆಸೆ ತೋರಿಸುತ್ತಾರೆ! ಜೋಯಿಸರನ್ನು ಬೈದು ಓಡಿಸಲಿಲ್ಲ ನೋಡಿ. ಹೆದರಿದವರಿಗೆ ಇನ್ನಷ್ಟು ಹೆದರಿಕೆ ತುಂಬಬೇಡಿ ಅಂತ ಒಪ್ಪಿಸುತ್ತಿದ್ದಾರೆ. ಈ ವಚನದ ನಗು ನನಗೆ ಬಹಳ ಇಷ್ಟ.

ಇನ್ನೊಂದು ವಚನ ಇಷ್ಟು ಸೌಮ್ಯವಾಗಿಲ್ಲ. ಒಬ್ಬ ಹಾವಾಡಿಗ, ಅವನ ಮೂಗಿಲ್ಲದ ಹೆಂಡತಿ. ಮಗನ ಮದುವೆಗೆ ಶಕುನ ನೋಡಲು ಹೊರಟಿದ್ದಾರೆ. ಕೈಯಲ್ಲಿ ಹಾವಿನ ಬುಟ್ಟಿ. ದಾರಿಯಲ್ಲಿ ಎದುರಿಗೆ ಇನ್ನೊಬ್ಬ ಹಾವಾಡಿಗ, ಅವನ ಜೊತೆಗೂ ಒಬ್ಬ ಮೂಗಿಲ್ಲದವಳು. ಇವನು ನಿಂತು "ಶಕುನ ಸರಿಯಿಲ್ಲ" ಅಂದನಂತೆ. ತನ್ನ ಮನೆಯಲ್ಲಿರುವುದನ್ನೇ ಎದುರಿಗೆ ಕಂಡು ಹೆದರುವ ಇಂಥ ಜಾಣನಿಗೆ ಏನನ್ನಲಿ ಅಂತ ಬಸವಣ್ಣನವರು ಕೇಳುತ್ತಾರೆ. ಅವರು ಅಲ್ಲಿ ಬಳಸಿದ ಬೈಗುಳ ವಚನದಲ್ಲೇ ಓದಿಕೊಳ್ಳಿ.

ಇವತ್ತು ಜೋಯಿಸರ ಮನೆಗೆ ಹೋಗುವ ಕೆಲಸವೂ ಇಲ್ಲ. ಬೆಳಿಗ್ಗೆ ಟಿವಿ ಹಾಕಿದರೆ ರಾಶಿಫಲ, ಮೊಬೈಲ್ ತೆಗೆದರೆ ವಾರಭವಿಷ್ಯ. ಒಂದು ಚಾನೆಲ್ ನಿಮ್ಮ ರಾಶಿಗೆ ಧನಲಾಭ ಅಂದರೆ ಇನ್ನೊಂದು ಎಚ್ಚರಿಕೆಯಿಂದಿರಿ ಅನ್ನುತ್ತದೆ. ನಮಗೆ ಬೇಕಾದದ್ದು ಸಿಗುವವರೆಗೆ ಚಾನೆಲ್ ಬದಲಾಯಿಸುತ್ತೇವೆ. ಮಾರ್ಗದರ್ಶನ ಕೇಳುವವರು ಹಾಗೆ ಮಾಡುವುದಿಲ್ಲ, ಬಿಡಿ.

ಮದುವೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹುಡುಗ ಕುಡಿಯುತ್ತಾನಾ, ಸುಳ್ಳು ಹೇಳುತ್ತಾನಾ, ಸಿಟ್ಟು ಬಂದರೆ ಕೈ ಎತ್ತುತ್ತಾನಾ ಅಂತ ವಿಚಾರಿಸಿ. ಆ ಮನೆಯಲ್ಲಿ ಸೊಸೆಯಂದಿರನ್ನು ಹೇಗೆ ನೋಡಿಕೊಂಡಿದ್ದಾರೆ ಅಂತ ಅಕ್ಕಪಕ್ಕದವರನ್ನು ಕೇಳಿ. ಹುಡುಗಿಯನ್ನೇ ಕೇಳಿ. ಇವನ್ನೆಲ್ಲ ಕೇಳಲು ಸಂಕೋಚ ಅಂತಲೇ ಎಷ್ಟೋ ಸಲ ನಾವು ಗ್ರಹಗಳನ್ನು ಕೇಳುತ್ತೇವೆ.

ಹಾಗಾದರೆ ದೇವರು ತೋರಿಸುವ ದಾರಿ ಯಾವುದು ಅಂತ ತಿಳಿಯುವುದು ಹೇಗೆ?

ಹೆಚ್ಚಿನ ದಾರಿ ಆಗಲೇ ಹೇಳಿಯಾಗಿದೆ. "ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ" ಅಂತ ಶುರುವಾಗುವ ವಚನ ಶಾಲೆ ಮಕ್ಕಳಿಗೂ ಬಾಯಿಪಾಠ. ಮುನಿಯಬೇಡ, ಅನ್ಯರಿಗೆ ಅಸಹ್ಯ ಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ ಅಂತ ಆ ಪಟ್ಟಿ ಮುಗಿಯುತ್ತದೆ. ನಾವು 'ದಾರಿ ತೋರಿಸಪ್ಪಾ' ಅಂತ ಕೈಮುಗಿಯುವ ಸಂದರ್ಭಗಳಲ್ಲಿ ಅರ್ಧದಷ್ಟಕ್ಕೆ ಈ ಏಳರಲ್ಲೇ ಉತ್ತರ ಇರುತ್ತದೆ. ಉತ್ತರ ಹಿಡಿಸಿಲ್ಲ ಅಂತ ಮತ್ತೆ ಕೇಳುತ್ತಿರುತ್ತೇವೆ.

ಇನ್ನರ್ಧ ನಿಜವಾಗಿ ಕಷ್ಟದ್ದು. ಊರು ಬಿಡಬೇಕಾ, ಕೆಲಸ ಬಿಡಬೇಕಾ, ವಯಸ್ಸಾದ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಅನ್ನುವಂಥದ್ದು. ಶರಣರು ಇದನ್ನು ಒಬ್ಬೊಬ್ಬರೇ ಕೂತು ನಿರ್ಧರಿಸಲಿಲ್ಲ. ಒಟ್ಟಿಗೆ ಕೂತು ಮಾತಾಡಿದರು, ಒಬ್ಬರ ಮಾತನ್ನು ಇನ್ನೊಬ್ಬರು ಒರೆಗೆ ಹಚ್ಚಿದರು. "ಸಾರ ಸಜ್ಜನರ ಸಂಗ ಲೇಸು ಕಂಡಯ್ಯಾ" ಅನ್ನುವುದು ಅಲಂಕಾರದ ಮಾತಲ್ಲ, ಅವರು ಬದುಕಿದ ರೀತಿ. ನಿಮಗೆ ಬೇಸರವಾದರೂ ಪರವಾಗಿಲ್ಲ ಅಂತ ನಿಜ ಹೇಳುವ ಒಬ್ಬಿಬ್ಬರು ಇದ್ದಾರಾ? ಅವರ ಹತ್ತಿರ ಹೋಗಿ. ಶರಣರಲ್ಲಿ ಅಂಥ ಮಾತು ಎಷ್ಟೋ ಸಲ ಹೆಂಡತಿಯ ಬಾಯಿಂದಲೇ ಬಂದಿದೆ. ಮುಂದಿನ ಪ್ರಶ್ನೆ ಅದರದ್ದೇ.

ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಅಕ್ಕಿಯನ್ನು ಯಾಕೆ ವಾಪಸ್ ಕಳಿಸಿದಳು? ಬಡವರ ಮನೆಯಲ್ಲಿ ಅದು ಅತಿಯಾಯಿತು ಅಲ್ವಾ?

ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲಕ್ಕಮ್ಮ, ಮಾರಯ್ಯ ಗಂಡಹೆಂಡತಿ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು, ಬಸವಣ್ಣನವರಿದ್ದ ಕಲ್ಯಾಣ ಪಟ್ಟಣಕ್ಕೆ ಬಂದು ನೆಲೆಸಿದವರು. ಮಾರಯ್ಯನ ಕಾಯಕ ಅಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಲ್ಲೇ ಅಡುಗೆ, ಅದರಲ್ಲೇ ದಾಸೋಹ. ಒಂದು ದಿನ ಅವನು ಮಾತಿನಲ್ಲಿ ಮೈಮರೆತ. ಕಾಯಕದ ಹೊತ್ತು ಮೀರಿತು. ಆಮೇಲೆ ಅವಸರದಲ್ಲಿ ಹೋಗಿ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ.

ಬಡವರ ಮನೆಯಲ್ಲಿ ಯಾರಾದರೂ ಖುಷಿಪಡಬೇಕಾದ ಸಂಗತಿ. ಲಕ್ಕಮ್ಮ ಗಂಟು ನೋಡಿದಳು, ಗಂಡನ ಮುಖ ನೋಡಿದಳು. "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" "ಈಸಕ್ಕಿಯಾಸೆ ನಿಮಗೇಕೆ?" ಇನ್ನೊಂದು ವಚನದಲ್ಲಿ, ಇದು ನಿಮ್ಮ ಮನಸ್ಸೋ ಬಸವಣ್ಣನವರ ಅನುಮಾನವೋ ಅಂತ ಕೇಳುತ್ತಾಳೆ. ನಮ್ಮ ಬಡತನ ನೋಡಿ ಅಲ್ಲಿ ಬೇಕಂತಲೇ ಜಾಸ್ತಿ ಚೆಲ್ಲಿದ್ದಾರಾ ಅನ್ನುವ ಗುಮಾನಿ ಅವಳಿಗೆ. ಕೊನೆಗೆ "ಅಲ್ಲಿಯೇ ಸುರಿದು ಬನ್ನಿ ಮಾರಯ್ಯಾ" ಅನ್ನುತ್ತಾಳೆ.

ಅತಿಯಾಯಿತಾ? ಜಾಸ್ತಿ ಅಕ್ಕಿಯಿಂದ ಏನಾಗುತ್ತಿತ್ತು ಅಂತ ಯೋಚಿಸಿ. ನಾಳೆ ಹೋಗದಿದ್ದರೂ ನಡೆಯುತ್ತದೆ ಅನ್ನುವ ಯೋಚನೆ ಬರುತ್ತಿತ್ತು. ನಾಡಿದ್ದಿಗೆ ಇನ್ನೊಂದಿಷ್ಟು ಇದ್ದರೆ ಒಳ್ಳೆಯದು ಅನ್ನುವುದು ಅದರ ಹಿಂದೆಯೇ. ಅಲ್ಲಿಗೆ ನಂಬಿಕೆ ದೇವರಿಂದಲೂ ಕಾಯಕದಿಂದಲೂ ಕಳಚಿ ಚೀಲಕ್ಕೆ ಅಂಟಿಕೊಳ್ಳುತ್ತಿತ್ತು. ಲಕ್ಕಮ್ಮ ಅಕ್ಕಿಯ ಗಂಟಿನಲ್ಲಿ ಇದನ್ನು ಕಂಡಳು. ಚಿತ್ತಶುದ್ಧಿಯಿಂದ ಕಾಯಕ ಮಾಡುವವನಿಗೆ "ಎತ್ತ ನೋಡಿದಡತ್ತ ಲಕ್ಷ್ಮಿ" ಅಂತ ಹೇಳಿದವಳೂ ಇವಳೇ. ಮನೆಯಲ್ಲಿ ಮರುದಿನಕ್ಕೆ ಅಕ್ಕಿ ಇಟ್ಟುಕೊಳ್ಳದವಳು ಆಡಿದ ಮಾತು ಅದು!

ಆದರೆ ಒಂದು ಎಚ್ಚರಿಕೆ. ಲಕ್ಕಮ್ಮ ಇದನ್ನು ಹೇಳಿದ್ದು ತನ್ನ ಗಂಡನಿಗೆ, ತನ್ನ ಮನೆಯ ಅಕ್ಕಿಯ ಬಗ್ಗೆ. ಕೂಲಿ ಜಾಸ್ತಿ ಮಾಡಿ ಅಂತ ಕೇಳಿದ ಆಳಿಗೆ ಯಜಮಾನ ಈ ವಚನ ಹೇಳಿದರೆ ಅದು ಶುದ್ಧ ಮೋಸ. ಅಂಥವರೂ ಇದ್ದಾರೆ, ಅದಕ್ಕೇ ಬರೆಯಬೇಕಾಯಿತು.

ಎಲ್‌ಐಸಿ, ಎಫ್‌ಡಿ, ಉಳಿತಾಯ ಇವೆಲ್ಲ ನಂಬಿಕೆ ಇಲ್ಲದವರ ಲಕ್ಷಣವಾ?

ಬಸವಣ್ಣನವರ ಆಣೆಯ ವಚನ ಓದಿದವರು ಹೀಗೆ ಕೇಳುತ್ತಾರೆ. "ಹೊನ್ನಿನೊಳಗೊಂದೊರೆಯ, ಸೀರೆಯೊಳಗೊಂದೆಳೆಯ, ಇಂದಿಂಗೆ ನಾಳಿಂಗೆ ಬೇಕೆಂದೆನಾದಡೆ ನಿಮ್ಮಾಣೆ." ಚಿನ್ನದಲ್ಲಿ ಒರೆಗಲ್ಲಿನ ಮೇಲೆ ಉಳಿಯುವ ಗೀರಿನಷ್ಟು, ಸೀರೆಯಲ್ಲಿ ಒಂದು ಎಳೆಯಷ್ಟು ಕೂಡ ನಾಳೆಗೆ ಅಂತ ಇಟ್ಟುಕೊಳ್ಳುವುದಿಲ್ಲ ಅನ್ನುವ ಆಣೆ.

ಈ ಆಣೆ ಮಾಡಿದವರು ಯಾರು ಅನ್ನುವುದನ್ನು ಮರೆಯಬಾರದು. ಅವರು ಕಲ್ಯಾಣದ ದೊರೆ ಬಿಜ್ಜಳನ ಭಂಡಾರಿ. ಇಡೀ ರಾಜ್ಯದ ಬೊಕ್ಕಸ ಕೈಯಲ್ಲಿತ್ತು. ಆ ಕುರ್ಚಿಯಲ್ಲಿ ಕೂತವರು ಒಂದೆಳೆಯನ್ನೂ ಮುಟ್ಟುವುದಿಲ್ಲ ಅಂದಾಗ ಅದಕ್ಕೆ ಬೇರೆಯೇ ತೂಕ. ಮಳೆ ನಂಬಿ ಬಿತ್ತುವ ರೈತನಿಗೆ, ತಿಂಗಳ ಕೊನೆಗೆ ಕೈ ಬರಿದಾಗುವ ಆಟೋ ಚಾಲಕನಿಗೆ ಇದೇ ವಚನ ತೋರಿಸಿ 'ಬೆಳೆವಿಮೆ ಮಾಡಿಸಬೇಡ' ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸಾವಿರಾರು ಜನ ಸ್ವಲ್ಪ ಸ್ವಲ್ಪ ಹಾಕಿ, ಪೆಟ್ಟು ತಿಂದವನ ಮನೆ ನಿಲ್ಲಿಸುವ ಏರ್ಪಾಡು ವಿಮೆ. ದಾಸೋಹಕ್ಕೆ ಅದು ತೀರಾ ದೂರದ ನೆಂಟನೇನೂ ಅಲ್ಲ.

ತೊಂದರೆ ಎಲ್ಲಿ ಅಂದರೆ, ಪಾಸ್‌ಬುಕ್ಕಿನ ಅಂಕಿ ನೋಡಿದರೆ ಮಾತ್ರ ಧೈರ್ಯ ಬರುತ್ತದೆ ಅನ್ನುವ ಹಂತಕ್ಕೆ ಹೋದಾಗ. ತಮ್ಮನ ಮಗಳ ಆಸ್ಪತ್ರೆ ಖರ್ಚಿಗೆ ಕೇಳಿದರೆ ಎಫ್‌ಡಿ ಮುರಿಯಲು ಮನಸ್ಸು ಬರುತ್ತದಾ? ಬಂದರೆ ಅದು ಉಳಿತಾಯ. ಬರದಿದ್ದರೆ ಅದಕ್ಕೆ ನೀವು ಪೂಜಾರಿ. ಇನ್ನು ಆರು ತಿಂಗಳಲ್ಲಿ ದುಪ್ಪಟ್ಟು ಮಾಡಿಕೊಡುವ ಸ್ಕೀಮು, ಆನ್‌ಲೈನ್ ರಮ್ಮಿ ಇವುಗಳ ಬಗ್ಗೆ ಹೇಳಲು ವಚನವೇ ಬೇಕಾಗಿಲ್ಲ.

ಕಷ್ಟದಲ್ಲಿದ್ದಾಗ ಎಲ್ಲಿಂದಲೋ ದುಡ್ಡು ಬಂದರೆ ದೇವರೇ ಕಳಿಸಿದ ಅಂದುಕೊಳ್ಳಬಹುದಾ?

ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು. ಶಿರಾಳಕೊಪ್ಪದ ಹತ್ತಿರದ ಜಂಬೂರಿನ ಸತ್ಯಕ್ಕ ಇದಕ್ಕೆ ಉತ್ತರ ಕೊಟ್ಟಿದ್ದಾಳೆ. "ಲಂಚವಂಚನಕ್ಕೆ ಕೈಯಾನದ ಭಾಷೆ." ಲಂಚಕ್ಕೆ ಕೈ ಒಡ್ಡುವುದಿಲ್ಲ ಅನ್ನುವುದು ತನ್ನ ವ್ರತ ಅನ್ನುತ್ತಾಳೆ. ದಾರಿಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಕೈಮುಟ್ಟಿ ಎತ್ತಿದರೆ ನಿಮ್ಮಾಣೆ ಅನ್ನುತ್ತಾಳೆ. ಕಾರಣವನ್ನೂ ಕೊಡುತ್ತಾಳೆ: ನೀವು ಇಕ್ಕಿದ ಭಿಕ್ಷೆಯಲ್ಲಿ ನಾನಿದ್ದೇನೆ.

ದೇವರೇ ಕೊಡುತ್ತಾನೆ ಅಂತ ನಂಬಿದ ಹೆಂಗಸು ದಾರಿಯಲ್ಲಿ ಬಿದ್ದ ಚಿನ್ನವನ್ನು 'ದೇವರು ಕೊಟ್ಟ' ಅನ್ನಲಿಲ್ಲ. ಅದು ಇನ್ಯಾರದೋ ಕಳೆದುಹೋದದ್ದು ಅಂತ ಅವಳಿಗೆ ಗೊತ್ತಿತ್ತು. ಟೇಬಲ್ ಕೆಳಗೆ ಬಂದ ಕವರನ್ನು ಮನೆದೇವರ ಫೋಟೋ ಮುಂದಿಟ್ಟು ಕುಂಕುಮ ಹಚ್ಚುವವರು ಸತ್ಯಕ್ಕನನ್ನು ಒಮ್ಮೆ ಓದಬೇಕು.

ಹರಕೆ ಹೊತ್ತುಕೊಳ್ಳುವುದು ತಪ್ಪಾ?

ಮಗು ಆಸ್ಪತ್ರೆಯಲ್ಲಿರುವಾಗ ತಾಯಿ ಹೊತ್ತ ಹರಕೆಯನ್ನು ತಪ್ಪು ಅನ್ನುವ ಧೈರ್ಯ ನನಗಿಲ್ಲ. ಟೆಂಡರ್ ಸಿಕ್ಕರೆ ಬೆಳ್ಳಿ ಕಿರೀ‌ಟ ಕೊಡ್ತೀನಿ ಅನ್ನುವುದು ಬೇರೆ. ಅದು ಕಮಿಷನ್.

ಅಕ್ಕಮಹಾದೇವಿ ಎಲ್ಲ ಬಿಟ್ಟು ಹೊರಟಳು. ನಂಬಿಕೆ ಅಂದರೆ ಅಷ್ಟು ದೂರ ಹೋಗಬೇಕಾ?

ಅಕ್ಕ ಉಡುತಡಿಯನ್ನೂ ಅರಮನೆಯನ್ನೂ ಬಿಟ್ಟು, ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲಕ್ಕೆ ಹೋದಳು. ಅವಳ ಒಂದು ವಚನವನ್ನು ಲೆಕ್ಕದ ಚೀಟಿ ಓದಿದ ಹಾಗೆ ಓದಬಹುದು. ಹಸಿವಾದರೆ ಊರಲ್ಲಿ ಭಿಕ್ಷಾನ್ನ ಇದೆ. ಬಾಯಾರಿದರೆ ಕೆರೆ, ಹಳ್ಳ, ಬಾವಿ ಇವೆ. ಮಲಗಲು ಹಾಳು ದೇಗುಲಗಳಿವೆ. "ಚೆನ್ನಮಲ್ಲಿಕಾರ್ಜುನಯ್ಯಾ, ಆತ್ಮಸಂಗಾತಕ್ಕೆ ನೀನೆನಗುಂಟು." ಅನ್ನ, ನೀರು, ಸೂರು, ಜೊತೆ. ಒಂಟಿ ಹೆಣ್ಣೊಬ್ಬಳು 800 ವರ್ಷದ ಹಿಂದೆ ಹೀಗೆ ಲೆಕ್ಕ ಹಾಕಿ ನಡೆದಳು ಅಂದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೀವು ಹೋಗಬೇಕಾ? ಎಲ್ಲರೂ ಹೋಗಬೇಕು ಅಂತ ಶರಣರು ಹೇಳಲಿಲ್ಲ. ಅಕ್ಕ ಒಬ್ಬಳು ಹೋದಳು, ಲಕ್ಕಮ್ಮ ಸಂಸಾರ ಮಾಡಿದಳು, ಇಬ್ಬರನ್ನೂ ಶರಣೆಯರು ಅಂತಲೇ ಕರೆದರು. ಆದರೆ ಆ ವಚನದಲ್ಲಿ ಒಂದು ಸಂಗತಿ ಇದೆ, ಅದನ್ನು ಜನ ಗಮನಿಸುವುದಿಲ್ಲ. ಭಿಕ್ಷಾನ್ನ ಇರಬೇಕಾದರೆ ಊರಲ್ಲಿ ಇಕ್ಕುವ ಕೈ ಇರಬೇಕು. ಕೆರೆ ಇರಬೇಕಾದರೆ ಯಾರೋ ಕಟ್ಟಿಸಿರಬೇಕು. ಅಕ್ಕನ ನಂಬಿಕೆ ನಡೆದದ್ದು ಹೆಸರು ಗೊತ್ತಿಲ್ಲದ ಎಷ್ಟೋ ಮನೆಗಳ ಒಲೆಯ ಮೇಲೆ. ನೀವು ಮನೆಯಲ್ಲೇ ಉಳಿಯುವವರಾದರೆ ನಿಮ್ಮ ಪಾಲು ಆ ಒಲೆ.

ಶರಣರು ದುಡಿದು ತಿಂದರು, ದಾಸರು ಭಿಕ್ಷೆ ಬೇಡಿದರು. ಯಾರದು ಸರಿಯಾದ ನಂಬಿಕೆ?

ನನ್ನ ಒಲವು ಶರಣರ ಕಡೆ, ಮುಚ್ಚಿಡುವುದೇನಿದೆ. ಆದರೂ ಪುರಂದರದಾಸರ ವಿಷಯದಲ್ಲಿ ಅವಸರ ಮಾಡಬಾರದು. ಅವರು 1564ರಲ್ಲಿ ತೀರಿಕೊಂಡರು. ಮೊದಲು ನವಕೋಟಿ ನಾರಾಯಣ ಅನ್ನಿಸಿಕೊಂಡ ಶ್ರೀಮಂತ ವ್ಯಾಪಾರಿ, ಬೇಡಲು ಬಂದವನಿಗೆ ಹೆಂಡತಿ ತನ್ನ ಮೂಗುತಿ ಕೊಟ್ಟ ಪ್ರಸಂಗದಿಂದ ಕಣ್ಣು ತೆರೆದರು ಅನ್ನುತ್ತದೆ ಪ್ರತೀತಿ. ಬೇಡಲು ಬಂದವನನ್ನು ದಿನವೂ ಅಲೆಸಿದ ಮನುಷ್ಯ ತಾನೇ ತಂಬೂರಿ ಹಿಡಿದು ಮನೆಮನೆಗೆ ಹೋದ. ಅದನ್ನು ಸೋಮಾರಿತನ ಅನ್ನಲಾಗುತ್ತದಾ? ಕೊಡಲಾರದವನು ಬೇಡುವುದನ್ನು ಕಲಿತ. ಅವರು ಕೊಟ್ಟುಹೋದ ಹಾಡುಗಳ ಲೆಕ್ಕ ಹಾಕಿದರೆ ಬೇಡಿದ ಅಕ್ಕಿ ಯಾವ ಮೂಲೆಗೆ?

"ಎಲ್ಲರನು ಸಲಹುವನು ಇದಕೆ ಸಂಶಯವಿಲ್ಲ" ಅಂತಾರೆ ಕನಕದಾಸರು. ಬರದಲ್ಲಿ ಸತ್ತವರನ್ನು ಯಾಕೆ ಸಲಹಲಿಲ್ಲ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ತಪ್ಪಿಸಿಕೊಳ್ಳುವ ಹಾಗಿಲ್ಲ.

"ತಲ್ಲಣಿಸದಿರು ಕಂಡ್ಯ ತಾಳು ಮನವೆ" ಅಂತ ಶುರುವಾಗುವ ಆ ಪದದಲ್ಲಿ ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು, ಕಲ್ಲಿನಲ್ಲಿ ಹುಟ್ಟಿ ಕೂಗುವ ಕಪ್ಪೆಗಳಿಗೆ ಆಹಾರ ಕೊಟ್ಟವರು ಯಾರು ಅಂತ ಕೇಳುತ್ತಾರೆ. ಇದೇ ನಾಡಿನಲ್ಲಿ 1876ರಿಂದ 78ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಸತ್ತವರಲ್ಲಿ ಎಷ್ಟೋ ಜನ ಈ ಪದವನ್ನು ಹಾಡಿಕೊಂಡೇ ಬೆಳೆದವರಿರಬೇಕು.

ಇದಕ್ಕೆ ಲೆಕ್ಕ ಚುಕ್ತಾ ಮಾಡುವಂಥ ಉತ್ತರ ನನ್ನಲ್ಲಿಲ್ಲ. ಒಂದು ಮಾತ್ರ ಹೇಳಬಲ್ಲೆ. ಕನಕದಾಸರು ಈ ಪದವನ್ನು ತಮ್ಮ ಮನಸ್ಸಿಗೆ ಹೇಳಿಕೊಂಡರು. ಹಸಿದು ಬಾಗಿಲಿಗೆ ಬಂದವನಿಗೆ ಹಾಡುವ ಪದ ಅಲ್ಲ ಅದು. ಅವನಿಗೆ ಅನ್ನ ಇಕ್ಕಬೇಕು. ಅವನಿಗೆ ಅನ್ನ ಇಕ್ಕಿದರೆ ನಾಳೆ ನನಗೇನು ಅಂತ ಮನಸ್ಸು ತಲ್ಲಣಿಸುತ್ತದಲ್ಲ, ಆಗ ಈ ಪದ ಹಾಡಿಕೊಳ್ಳಬೇಕು.

ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು 2019ರಲ್ಲಿ 111ನೇ ವಯಸ್ಸಿನಲ್ಲಿ ತೀರಿಕೊಂಡರು. ಸಾವಿರಾರು ಮಕ್ಕಳಿಗೆ ಅಲ್ಲಿ ದಿನವೂ ಅನ್ನ, ಪಾಠ, ಇರಲು ಜಾಗ. ಆ ಕಾಳು ಆಕಾಶದಿಂದ ಬೀಳಲಿಲ್ಲ. ಸುತ್ತಲಿನ ಊರುಗಳ ರೈತರ ಮನೆಗಳಿಂದ ಬಂತು. 'ಸಲಹುವನು' ಅನ್ನುವುದು ಹೆಚ್ಚಾಗಿ ನಡೆಯುವುದು ಹೀಗೆ, ಯಾರದೋ ಕೈಯ ಮೂಲಕ. ಆ ಕೈ ಮುದುಡಿಕೊಂಡಾಗ ಜನ ಸಾಯುತ್ತಾರೆ. ಬರದ ವರ್ಷಗಳಲ್ಲೂ ಧಾನ್ಯ ಇದ್ದವರ ಹಗೇವುಗಳು, ಅಂದರೆ ನೆಲದಡಿಯ ಕಣಜಗಳು, ಇದ್ದವು.

ನಂಬಿದವರಿಗೆ ಕೊನೆಗೆ ಒಳ್ಳೆಯದೇ ಆಗುತ್ತದೆ ಅಂತ ಗ್ಯಾರಂಟಿ ಇದೆಯಾ?

ಕಲ್ಯಾಣದಲ್ಲಿ ಏನಾಯಿತು ನೋಡಿ. ಸಮಗಾರರಾಗಿದ್ದ ಶರಣ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿದ್ದ ಶರಣ ಮಧುವರಸರ ಮಗಳಿಗೂ ಮದುವೆಯಾಯಿತು. ಜಾತಿ ಮೀರಿದ ಮದುವೆ ಅಂತ ಆ ಇಬ್ಬರು ತಂದೆಯರಿಗೆ ಮರಣದಂಡನೆಯಾಯಿತು ಅಂತ ಶರಣ ಪರಂಪರೆ ಹೇಳುತ್ತದೆ. ಕಲ್ಯಾಣ ಚೆದುರಿತು. ಬಸವಣ್ಣನವರು ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ ಮರಳಿದರು. ವಚನದ ಕಟ್ಟುಗಳನ್ನು ಹೊತ್ತು ಶರಣರು ಉಳಿವಿಯ ಕಾಡಿನ ಕಡೆ ನಡೆದರು.

ಇವರಿಗಿಂತ ಹೆಚ್ಚು ನಂಬಿದವರು ಯಾರಿದ್ದರು? ಒಳ್ಳೆಯದಾಗುತ್ತದೆ ಅಂತ ಗ್ಯಾರಂಟಿ ಬರೆದುಕೊಡುವವರು ಇವತ್ತು ತುಂಬ ಜನ ಇದ್ದಾರೆ. ಅವರು ನಿಮಗೆ ಮಾರುತ್ತಿರುವುದು ಹೊಸ ಅಚ್ಚಿನ ಅರಗಿನ ದೈವ.

ಓದುತ್ತೇನೆ, ಪೂಜೆ ಮಾಡುತ್ತೇನೆ, ಆದರೂ ಭಯ ಹೋಗುತ್ತಿಲ್ಲ. ನನ್ನ ನಂಬಿಕೆಯಲ್ಲೇ ದೋಷವಾ?

ಅಲ್ಲ. ಬಸವಣ್ಣನವರೇ ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಮರ್ಕಟ ಅಂದರು. "ಅಂಜಿದಡೆ ಮಾಣದು, ಅಳುಕಿದಡೆ ಮಾಣದು, ವಜ್ರಪಂಜರದೊಳಗಿದ್ದಡೆ ಮಾಣದು" ಅನ್ನುವ ವಚನ ಬರೆದವರು ಅಂಜಿಕೆ ಅಂದರೆ ಏನು ಅಂತ ತಿಳಿಯದವರಲ್ಲ. ಹೆದರಿದರೂ ಬರುವುದು ಬರುತ್ತದೆ, ವಜ್ರದ ಪಂಜರದಲ್ಲಿ ಕೂತರೂ ಬರುತ್ತದೆ. ಪಂಜರ ಕಟ್ಟುವ ಖರ್ಚಾದರೂ ಉಳಿಯಲಿ ಅಂತ ನಾನು ಅದಕ್ಕೆ ಸೇರಿಸಿಕೊಂಡು ಓದುತ್ತೇನೆ.

ಇಷ್ಟಾದ ಮೇಲೂ ನಿದ್ದೆ ಬಾರದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ, ಊಟ ಸೇರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವಾಗ ನಂಬಿಕೆ ಕಡಿಮೆಯಾಯಿತು ಅಂತ ನಾವು ಅಂದುಕೊಳ್ಳುವುದಿಲ್ಲ, ಅಲ್ವಾ?

ಯಾವ ವಚನಗಳಿಂದ ಶುರು ಮಾಡಲಿ?

ಬಸವಣ್ಣನವರ ವಚನಗಳು ಸಾವಿರಕ್ಕೂ ಜಾಸ್ತಿ. ಅವುಗಳಿಗೆ ಅವಸರ ಬೇಡ. ಲಕ್ಕಮ್ಮನಿಂದ ಶುರು ಮಾಡಿ. ಸಿಕ್ಕಿರುವುದು ಇಪ್ಪತ್ತೈದರ ಆಸುಪಾಸು, ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ ಸತ್ಯಕ್ಕ. ಅರ್ಥ ಕೊಟ್ಟಿರುವ ಪುಸ್ತಕ ಸಿಕ್ಕಿದರೆ ಮೊದಲು ವಚನವನ್ನೇ ಗಟ್ಟಿಯಾಗಿ ಓದಿ, ಅರ್ಥ ಆಮೇಲೆ ನೋಡಿ. ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಕೂತು ಓದಿದರೆ ಒಳ್ಳೆಯದು. ಲಕ್ಕಮ್ಮನ ಮಾತು ಮಾರಯ್ಯನಿಗೆ ಹೇಳಿದ್ದು, ಹೆಂಡತಿ ಓದಿ ಗಂಡ ಕೇಳಿದರೆ ಇನ್ನೂ ಚೆನ್ನಾಗಿ ನಾಟುತ್ತದೆ.